ಬೀಗಿತ್ತಿ ತಂದ ಬೇರಿನ ಸಾರು

ನನ್ನ ಕಾಯಿಲೆಯನ್ನು ಮೊದಲು ತೋರಿಸಿಕೊಟ್ಟದ್ದು ಬಳೆ. ಬಳೆ ಒತ್ತಿದ ಕಡೆಯೆಲ್ಲ ಕೈಮೇಲೆ ನೀಲಿ ಗುರುತು ಬೀಳುತ್ತಿತ್ತು. ಹಿಟ್ಟು ನಾದುವಾಗ ಒತ್ತಿರಬೇಕು ಅಂದುಕೊಂಡೆ. ಬಳೆ ತೆಗೆದಿಟ್ಟ ಮೇಲೂ ಗುರುತು ಬಿದ್ದವು. ತೊಡೆಗೆ, ಮೊಣಕಾಲಿಗೆ, ಬ್ಯಾಗಿನ ಪಟ್ಟಿ ತಗಲುವ ಹೆಗಲಿಗೆ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿಗೆ ಲಿಫ್ಟ್ ಇಲ್ಲ. ಗ್ರೋಸರಿ ಚೀಲ ಹಿಡಿದು ಹತ್ತುವಾಗ ಮೆಟ್ಟಿಲ ನಡುವೆ ಕೂತುಬಿಡುತ್ತಿದ್ದೆ. "ವಯಸ್ಸಾತು ನಿನಗ" ಎಂದು ನಮ್ಮ ಮನೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ರಕ್ತ ಪರೀಕ್ಷೆಗೆ ಕೊಟ್ಟು ಬಂದ ದಿನವೇ ಸಂಜೆ ಫೋನು ಬಂತು. ಈಗಲೇ ಆಸ್ಪತ್ರೆಗೆ ಹೋಗಿ, ನೀವು ಕಾರು ಓಡಿಸಬೇಡಿ, ಎಲ್ಲಿಯೂ ಬೀಳಬೇಡಿ ಎಂದರು. ಬೀಳಬೇಡಿ ಎಂದು ಹೇಳುವುದಕ್ಕೆ ಯಾರಾದರೂ ಫೋನು ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಒಲೆಯ ಮೇಲಿದ್ದ ಬೇಳೆಯನ್ನು ಹಾಗೇ ಆರಿಸಿ ಹೊರಟೆವು.

ಇದಾಗಿ ಕೆಲವು ವರ್ಷಗಳಾದವು. ಈಗ ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲದಾಗ ಪಕ್ಕದಲ್ಲಿ ಕೂತಿದ್ದ ನನ್ನ ಬೀಗಿತ್ತಿ, ಅಂದರೆ ಮಗಳ ಅತ್ತೆ, ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ ಕಾಯಿಲೆಯನ್ನು ಬಿಟ್ಟು ಬರೆಯಲು ಆಗುತ್ತಿಲ್ಲ. ನಾನು ಹುಬ್ಬಳ್ಳಿಯಲ್ಲಿ ಪಿಯುಸಿವರೆಗೆ ಓದಿದವಳು. ಬರೆದು ಅಭ್ಯಾಸವಿಲ್ಲ. ತಿಳಿದ ಹಾಗೆ ಹೇಳುತ್ತೇನೆ.

ಕಾಯಿಲೆಯ ಹೆಸರು ಎಪ್ಲಾಸ್ಟಿಕ್ ಅನೀಮಿಯಾ. ಸೊಂಟದ ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ನೋಡಿದರು. ರಕ್ತ ತಯಾರಾಗುವುದು ಅಲ್ಲಿಯೇ ಅಂತೆ. ನನ್ನದರಲ್ಲಿ ತಯಾರಿ ನಿಂತುಹೋಗಿತ್ತು. ನರೆಗೂದಲಿನ, ಮೆಲ್ಲನೆ ಮಾತಾಡುವ ನಮ್ಮ ಡಾಕ್ಟರಮ್ಮ ಹೀಗೆ ಹೇಳಿದರು: "ನಿಮ್ಮ ಮೈಯ ಕಾವಲುಗಾರರೇ ತಪ್ಪು ತಿಳಿದು ನಿಮ್ಮ ಮಜ್ಜೆಯ ಮೇಲೆ ಬಿದ್ದಿದ್ದಾರೆ. ನಾವು ಆ ಕಾವಲುಗಾರರನ್ನು ಮಲಗಿಸುತ್ತೇವೆ. ಆಮೇಲೆ ಮಜ್ಜೆ ಎಚ್ಚರವಾಗುತ್ತದಾ ಅಂತ ಕಾಯುತ್ತೇವೆ."

ಆಗದಿದ್ದರೆ? ಎಂದು ಮಗಳು ಸಹನಾ ಕೇಳಿದಳು.

"ಮೊದಲು ಕಾಯೋಣ," ಎಂದರು.

ಮಲಗಿಸುವ ಔಷಧಿ ಕುದುರೆಯ ರಕ್ತದಿಂದ ಮಾಡಿದ್ದು. ಆಸ್ಪತ್ರೆಯಲ್ಲಿ ಮಲಗಿಸಿ ನರಕ್ಕೆ ಹನಿಹನಿಯಾಗಿ ಬಿಟ್ಟರು. ಚಳಿ ಹತ್ತಿ ಮಂಚವೆಲ್ಲ ನಡುಗಿತು. ನಮ್ಮ ಮನೆಯವರು ನನ್ನ ಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು, "ಮನೀಗೆ ಹೋದಮ್ಯಾಲೆ ನಿನಗ ಹುರಳಿ ನೆನಿ ಇಡಬೇಕೇನ?" ಎಂದರು. ನಡುಗುತ್ತಲೇ ನಕ್ಕೆ. ಅವರ ಕಣ್ಣು ಮಾತ್ರ ನಗುತ್ತಿರಲಿಲ್ಲ, ಅದನ್ನೂ ನೋಡಿದೆ.

ಮನೆಗೆ ಬಂದ ಮೇಲೆ ಒಂದು ಬೇರೆ ಬಾಳುವೆ ಶುರುವಾಯಿತು. ನಾನು ಮನೆಯಲ್ಲೇ ನಾಲ್ಕೈದು ಪುಟ್ಟ ಮಕ್ಕಳ ಡೇಕೇರ್ ನಡೆಸುತ್ತಿದ್ದೆ. ಅದನ್ನು ಮುಚ್ಚಬೇಕಾಯಿತು, ಒಂದು ಮಗುವಿನ ನೆಗಡಿ ಸಾಕಾಗಿತ್ತು ನನ್ನನ್ನು ಮಲಗಿಸಲು. ಹಸಿ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ತಿನ್ನಬೇಕು. ಮನೆಯೊಳಗೆ ಹೂವು ತರುವಂತಿಲ್ಲ, ಅದರಲ್ಲೂ ಕ್ರಿಮಿ ಇರುತ್ತವಂತೆ. ದೇವರಿಗೆ ಬರೀ ವಿಭೂತಿ, ಅಕ್ಷತೆ. "ದೇವರು ಅರ್ಥ ಮಾಡ್ಕೋತಾನ, ಅವನೂ ಆಸ್ಪತ್ರಿ ಕಂಡಾನ" ಎನ್ನುತ್ತಿದ್ದರು ನಮ್ಮ ಮನೆಯವರು. ವಾರವಾರವೂ ಆಸ್ಪತ್ರೆಗೆ ಹೋಗಿ ಬೇರೆಯವರು ಕೊಟ್ಟ ರಕ್ತ, ಹರಿಯುವ ರಕ್ತವನ್ನು ನಿಲ್ಲಿಸುವ ಪ್ಲೇಟ್ಲೆಟ್ಟು ಹಾಕಿಸಿಕೊಂಡು ಬರುವುದು. ನನ್ನದು ನಾನೇ ಮಾಡಿಕೊಳ್ಳುವವರೆಗೆ ಹೀಗೇ.

ಬೀಗಿತ್ತಿ ಬರತೊಡಗಿದ್ದು ಆಗ.

ಅವರ ಹೆಸರು ಶ್ಯೂಯಿಂಗ್. ಚೀನಾದ ದಕ್ಷಿಣದ ಒಂದು ಹಳ್ಳಿಯಿಂದ ಬಂದು ಓಕ್ಲೆಂಡಿನಲ್ಲಿ ಬಟ್ಟೆ ಹೊಲಿಯುವ ಕೆಲಸದಲ್ಲೇ ವಯಸ್ಸು ಕಳೆದವರು. ಗಂಡ ಇರಲಿಲ್ಲ. ಒಬ್ಬನೇ ಮಗ ಕೆವಿನ್, ನಮ್ಮ ಅಳಿಯ. ಅವನು, ಸಹನಾ ಎಮರಿವಿಲ್‌ನಲ್ಲಿ ಒಂದೇ ಕಡೆ ಕಾರ್ಟೂನ್ ಸಿನಿಮಾದ ಕೆಲಸ ಮಾಡುತ್ತಾರೆ. ಮದುವೆಯಲ್ಲಿ ನಾನು ಬೀಗಿತ್ತಿಗೆ ಸೀರೆ ಉಡಿಸಿ ಉಡಿ ತುಂಬಿದ್ದೆ. ಅದಾದ ಮೇಲೆ ಹಬ್ಬಕ್ಕೊಮ್ಮೆ ಅವರು ಬರುವುದು, ನಾವು ಹೋಗುವುದು, ಎದುರುಬದುರು ಕೂತು ನಗುವುದು. ಇಷ್ಟೇ ಇತ್ತು. ನಮ್ಮಿಬ್ಬರ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಎತ್ತರದ್ದು. ಅವರು ಹೇಳಿದ್ದು ನನಗೆ, ನಾನು ಹೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು. ಮಕ್ಕಳಿಗೆ ಇಬ್ಬರದೂ ಅರ್ಥವಾಗುತ್ತಿರಲಿಲ್ಲ.

ಅವರು ಓಕ್ಲೆಂಡಿನಿಂದ ಎರಡು ರೈಲು ಬದಲಿಸಿ ಬಂದರು. ಮುಖಕ್ಕೆ ಮಾಸ್ಕು, ಕೈಯಲ್ಲಿ ಟವೆಲ್ ಸುತ್ತಿದ ಉಕ್ಕಿನ ಫ್ಲಾಸ್ಕು. ಕಂದು ಬಣ್ಣದ ಸಾರನ್ನು ಬಟ್ಟಲಿಗೆ ಬಗ್ಗಿಸಿ ನನ್ನ ಮುಂದೆ ಇಟ್ಟರು. ಮಣ್ಣಿನ ವಾಸನೆ, ಅಜವಾನದ ಹಾಗೆ ಇನ್ನೊಂದು ವಾಸನೆ.

"ರಕ್ತ," ಎಂದರು. "ಕುಡಿ. ರಕ್ತ ಮಾಡುತ್ತೆ."

ಎರಡು ಬೇರು ತೋರಿಸಿದರು. ಒಂದು ಹಳದಿ, ನಾಲಿಗೆಯ ಹಾಗೆ ತೆಳ್ಳಗೆ ಸೀಳಿದ್ದು. ಅದರದು ಐದು ಪಾಲು. ಇನ್ನೊಂದು ಕಂದು, ಸುಕ್ಕು ಸುಕ್ಕು, ಅದರದು ಒಂದು ಪಾಲು. ಹಳದಿ ಬೇರು ಮೈಗೆ ಕಸುವು ಕೊಡುತ್ತದೆ, ಆ ಕಸುವಿನಿಂದ ಇನ್ನೊಂದು ಬೇರು ರಕ್ತ ಮಾಡುತ್ತದೆ. ಹೀಗೆಂದು ಕೈಸನ್ನೆ ಮಾಡಿ ತಿಳಿಸಿದರು. ಕೆವಿನ್ ಹುಟ್ಟಿದಾಗ ಅವರ ತಾಯಿ ಅವರಿಗೆ ಇದನ್ನೇ ಕುಡಿಸಿದ್ದಂತೆ. ನಮ್ಮಲ್ಲಿ ಬಾಣಂತಿಗೆ ಅಂಟಿನ ಉಂಡಿ, ಅಳವಿ ಪಾಯಸ ಕೊಡುವುದಿಲ್ಲವೇ, ಹಾಗೆ. ಅವರಲ್ಲಿ ಇದನ್ನು ಕೋಳಿಯ ಜೊತೆ ಕುದಿಸುತ್ತಾರೆ. ನಾವು ತಿನ್ನುವುದಿಲ್ಲವೆಂದು ನನಗಾಗಿ ಬೇರೆ ಪಾತ್ರೆ ಕೊಂಡು, ಕೋಳಿ ಬಿಟ್ಟು, ಕೆಂಪು ಬೋರೆಹಣ್ಣು ಹಾಕಿ ಕುದಿಸಿದ್ದರು.

ನನಗೆ ಅದು ಕುಡಿಯಲು ಆಗುತ್ತಿರಲಿಲ್ಲ. ಔಷಧಿಗಳಿಂದಲೇ ಹೊಟ್ಟೆ ತೊಳಸುತ್ತಿತ್ತು, ಅದರ ಮೇಲೆ ಇದು. ಆದರೆ ಕೊಡುತ್ತಿರುವವರು ಯಾರು? ಬೀಗಿತ್ತಿ. ಗಂಡಿನ ಕಡೆಯವರು. ಅವರು ಕೊಟ್ಟದ್ದನ್ನು ತಟ್ಟೆಯಲ್ಲಿ ಬಿಟ್ಟರೆ ನಾಳೆ ಮಗಳನ್ನು ಆ ಮನೆಯಲ್ಲಿ ಹೇಗೆ ನೋಡುತ್ತಾರೆ ಎಂಬ ಲೆಕ್ಕದಲ್ಲಿ ಬೆಳೆದವಳು ನಾನು. ಮಗಳಿರುವುದು ತನ್ನದೇ ಅಪಾರ್ಟ್‌ಮೆಂಟಿನಲ್ಲಿ, ಅಡುಗೆ ಮಾಡುವುದು ಅಳಿಯ. ಅದೆಲ್ಲ ಗೊತ್ತು. ಗೊತ್ತಿದ್ದೂ ಬಟ್ಟಲು ಖಾಲಿ ಮಾಡಿದೆ. "ಗುಡ್, ವೆರಿ ಗುಡ್" ಎಂದೆ.

ವೆರಿ ಗುಡ್ ಎಂದಿದ್ದರಿಂದ ಮರುವಾರ ದೊಡ್ಡ ಫ್ಲಾಸ್ಕು ಬಂತು.

ಬರಿಗೈಯಲ್ಲಿ ಬೀಗಿತ್ತಿಯನ್ನು ಕಳಿಸಲಾಗುತ್ತದೆಯೇ? ನಮ್ಮ ಮನೆಯವರಿಗೆ ಹೇಳಿ ಹಾಲು ಕಾಯಿಸಿ ಪೇಢೆ ಮಾಡಿಸುತ್ತಿದ್ದೆ. ಊರಿನಿಂದ ಯಾರಾದರೂ ತಂದರೆ ಅದನ್ನೂ ಎತ್ತಿಡುತ್ತಿದ್ದೆ. ಅವರು ಒಂದು ತಿಂದರೆ ಇನ್ನೊಂದು ಬಡಿಸುತ್ತಿದ್ದೆ, ಮೇಲೆ ಒಂದು ಲೋಟ ಮಜ್ಜಿಗೆ. ಅವರೂ "ಗುಡ್, ವೆರಿ ಗುಡ್" ಎನ್ನುತ್ತಿದ್ದರು. ತಿಂದ ಮೇಲೆ ಬಾತ್‌ರೂಮಿಗೆ ಹೋಗಿ ತುಂಬ ಹೊತ್ತು ಬರುತ್ತಿರಲಿಲ್ಲ. ಮುಖ ತೊಳೆಯುತ್ತಿರಬೇಕು, ಎಷ್ಟು ಅಚ್ಚುಕಟ್ಟು ಅಂದುಕೊಳ್ಳುತ್ತಿದ್ದೆ.

ತಿಂಗಳುಗಳು ಹೀಗೆ ಹೋದವು. ಮಜ್ಜೆ ಎಚ್ಚರವಾಗಲಿಲ್ಲ. ಕಾವಲುಗಾರರು ಏಳದಂತೆ ದಿನವೂ ನುಂಗುತ್ತಿದ್ದ ಮಾತ್ರೆಯ ಅಂಶ ಒಂದು ವಾರ ನನ್ನ ರಕ್ತದಲ್ಲಿ ಹೆಚ್ಚು ಬರುತ್ತಿತ್ತು, ಇನ್ನೊಂದು ವಾರ ಕಡಿಮೆ. ಡಾಕ್ಟರಮ್ಮ ಮಾತ್ರೆ ಹೆಚ್ಚುಕಡಿಮೆ ಮಾಡಿ ಮಾಡಿ ನೋಡಿದರು. ಒಂದು ದಿನ ಮೂಗಿನಲ್ಲಿ ರಕ್ತ ಶುರುವಾದದ್ದು ನಿಲ್ಲಲೇ ಇಲ್ಲ, ಆಸ್ಪತ್ರೆಗೆ ಓಡಿದೆವು. ಹೋದಾಗಲೆಲ್ಲ ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಅವರು ಕೇಳುವರು. "ಅಮ್ಮಾ, ಬೇರೆ ಮೆಡಿಸಿನ್ ಏನಾದ್ರೂ ತೊಗೊಳ್ತೀಯಾ?" ಎಂದು ಸಹನಾ ತಿರುಗಿಸಿ ಕೇಳುವಳು. ಇಲ್ಲ ಎನ್ನುತ್ತಿದ್ದೆ. ನಿಜವಾಗಿಯೂ ಇಲ್ಲವೆಂದೇ ನಂಬಿದ್ದೆ. ಔಷಧಿ ಎಂದರೆ ಚೀಟಿ ಬರೆದುಕೊಟ್ಟದ್ದು. ಕಷಾಯ, ಸಾರು, ಪಾಯಸ ಇವೆಲ್ಲ ಅಡುಗೆಮನೆಯವು. ನಮ್ಮಲ್ಲಿ ಯಾರು ತಾನೇ ಕಷಾಯವನ್ನು ಔಷಧಿಯಲ್ಲಿ ಸೇರಿಸುತ್ತಾರೆ? ಸಹನಾ ಅದನ್ನು ಅತ್ತೆಯ ವೆಜಿಟೆಬಲ್ ಸೂಪು ಅಂದುಕೊಂಡಿದ್ದಳು.

ಈ ಸಲವೂ ರಕ್ತದ ಕಣಗಳ ಲೆಕ್ಕ ಏರದಿದ್ದರೆ ಮುಂದೇನು ಎಂದು ಮಾತಾಡಬೇಕು ಎಂದು ಡಾಕ್ಟರಮ್ಮ ಹೇಳಿದ್ದ ದಿನ ಬಂತು. ಬೀಗಿತ್ತಿಯೂ ಬರುತ್ತೇನೆಂದು ನೇರ ಆಸ್ಪತ್ರೆಗೇ ಬಂದರು. ಕಾಯುವ ಕೋಣೆಯ ಮೇಜಿನ ಮೇಲೆ ಯಾರೋ ಅರ್ಧ ಜೋಡಿಸಿಟ್ಟ ಚಿತ್ರದ ತುಂಡುಗಳಿದ್ದವು, ಸಮುದ್ರ, ದೋಣಿ. ಬಂದವರೆಲ್ಲ ಒಂದೆರಡು ತುಂಡು ಕೂಡಿಸಿ ಒಳಗೆ ಹೋಗುವರು. ನಾನು ಆಕಾಶದ ತುಂಡೊಂದನ್ನು ಹಿಡಿದು ಕೂತೆ. ಎಲ್ಲವೂ ಒಂದೇ ನೀಲಿ. ಬೀಗಿತ್ತಿ ನನ್ನ ಕೈಯಿಂದ ಅದನ್ನು ತೆಗೆದು, ಹೊಲಿಗೆಯವರ ಕಣ್ಣಲ್ಲವೇ, ಒಂದೇ ಸಲಕ್ಕೆ ಜಾಗದಲ್ಲಿ ಕೂಡಿಸಿದರು.

ಒಳಗೆ ಕರೆದರು. ಡಾಕ್ಟರಮ್ಮ ಬರುವುದು ತಡವಾಯಿತು. ಹಸಿದಿರುತ್ತೀಯ ಎಂದು ಬೀಗಿತ್ತಿ ಫ್ಲಾಸ್ಕು ತೆಗೆದು ಬಟ್ಟಲಿಗೆ ಬಗ್ಗಿಸಿದರು. ನಾನು ಬಟ್ಟಲನ್ನು ಬಾಯಿಗೆ ಇಡುವುದಕ್ಕೂ ಡಾಕ್ಟರಮ್ಮ ಬಾಗಿಲು ತೆಗೆಯುವುದಕ್ಕೂ ಸರಿಹೋಯಿತು. ಕೋಣೆಯ ತುಂಬ ಬೇರಿನ ವಾಸನೆ.

"ಅದೇನು?" ಎಂದರು.

ಬೀಗಿತ್ತಿ ಎದ್ದು ನಿಂತು ಹೆಮ್ಮೆಯಿಂದ ಎರಡು ಬೇರಿನ ಹೆಸರನ್ನೂ ಹೇಳಿದರು. ಬೆರಳು ಮಡಿಸಿ ಐದು, ಒಂದು ಎಂದು ತೋರಿಸಿದರು. "ಪ್ರತಿ ವಾರ. ತುಂಬ ತಿಂಗಳು. ರಕ್ತಕ್ಕೆ."

ಡಾಕ್ಟರಮ್ಮ ಬಟ್ಟಲನ್ನು ನನ್ನ ಕೈಯಿಂದ ಮೆಲ್ಲಗೆ ಇಸಿದುಕೊಂಡರು.

"ಅಮ್ಮಾ!" ಸಹನಾಳ ದನಿ ಏರಿತು. "ಎವ್ರಿ ಟೈಮ್ ಕೇಳ್ತಾರೆ! ನೀನು ನೋ ಅಂತೀಯಾ!"

"ಔಷಧಿ ಅಂತ ಕೇಳಿದಿ. ಇದು ಬೀಗರ ಮನಿ ಸಾರು."

"ವಾಟ್?"

"ಸಾರು, ಸಾರು. ನಿನ್ನ ಅತ್ತಿ ಕೊಟ್ಟಿದ್ದು. ಬ್ಯಾಡ ಅನ್ನಾಕ ಬರ್ತೈತೇನ?"

ಡಾಕ್ಟರಮ್ಮ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಬೀಗಿತ್ತಿಯ ಎದುರಿಗೇ ಕೂತರು, ನನ್ನ ಎದುರಿಗಲ್ಲ. ಇದು ಹುಚ್ಚುತನವಲ್ಲ ಎಂದು ಮೊದಲು ಹೇಳಿದರು. ಈ ಬೇರುಗಳನ್ನೇ ಇಟ್ಟುಕೊಂಡು ಲ್ಯಾಬುಗಳಲ್ಲಿ ಕೆಲಸ ಮಾಡುತ್ತಿರುವವರಿದ್ದಾರೆ. ಗಾಜಿನ ತಟ್ಟೆಯಲ್ಲಿ, ಇಲಿಗಳಲ್ಲಿ, ಮಜ್ಜೆಯ ಕಣಗಳು ಇವುಗಳಿಂದ ಚುರುಕಾಗುವುದನ್ನು ಕಂಡವರೂ ಇದ್ದಾರೆ. "ಆದರೆ ಇವರ ಮೈಯಲ್ಲಿ ಏನಾಗುತ್ತದೆಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಾನು ಕಾವಲುಗಾರರನ್ನು ಮಲಗಿಸುತ್ತಿದ್ದೇನೆ. ಈ ಹಳದಿ ಬೇರು ಅವರನ್ನು ಎಬ್ಬಿಸಬಹುದು. ಈ ಕಂದು ಬೇರು ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಹುದು. ಇವರಿಗೆ ಮೊದಲೇ ರಕ್ತ ನಿಲ್ಲುತ್ತಿಲ್ಲ."

ಫೋನಿನ ಅನುವಾದದಲ್ಲೂ ಸಹನಾಳ ಬಾಯಲ್ಲೂ ಇದು ಬೀಗಿತ್ತಿಯವರೆಗೆ ನಿಧಾನವಾಗಿ ತಲುಪಿತು. ತಲುಪುತ್ತಿದ್ದ ಹಾಗೆ ಅವರ ಮುಖ ಸಣ್ಣದಾಗುತ್ತ ಹೋಯಿತು.

"ಆಕೆಯ ಮೂಗಿನ ರಕ್ತ," ಎಂದರು. "ನನ್ನಿಂದಲಾ?"

"ಹಾಗೆ ಹೇಳಲಾರೆ. ಈ ಕಾಯಿಲೆಯಲ್ಲಿ ಅದು ಹೇಗೂ ಆಗುತ್ತದೆ. ಇವತ್ತಿನಿಂದ ನಿಲ್ಲಿಸೋಣ, ಅಷ್ಟೇ. ಮುಂದೇನು ಎಂಬ ಮಾತನ್ನೂ ಸದ್ಯಕ್ಕೆ ಮುಂದೂಡೋಣ. ಇನ್ನಷ್ಟು ದಿನ ಕಾಯೋಣ." ಆಮೇಲೆ ನನ್ನ ಕಡೆ ತಿರುಗಿ, ಇಷ್ಟವಿತ್ತಾ ಅದು ನಿಮಗೆ ಎಂದು ಕೇಳಿದರು.

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಮತ್ತೆ ಯಾಕೆ ಕುಡಿದಿರಿ ಎಂದರು. ಗಂಡಿನ ಕಡೆಯವರ ವಿಷಯವನ್ನು ಸಹನಾ ತನಗೆ ತಿಳಿದ ಮಟ್ಟಿಗೆ ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ನಾಚಿಕೆಯಾಗಿ ಕಾಲ ಬೆರಳು ನೋಡುತ್ತ ಕೂತೆ.

ಬೀಗಿತ್ತಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಹುಡುಗನ ತಾಯಿ ದೊಡ್ಡವಳು? ನಾನು? ನಾನು ದೊಡ್ಡವಳು?" ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ನನ್ನ ಕಡೆ ಬೆರಳು ತೋರಿಸಿ ಹೇಳಿದರು: "ಹಾಗಿದ್ದರೆ ನಾನೂ ಹೇಳುತ್ತೇನೆ. ನಿನ್ನ ಹಾಲಿನ ಸ್ವೀಟು. ನನ್ನ ಹೊಟ್ಟೆಗೆ ಹಾಲು ಆಗುವುದಿಲ್ಲ. ಚಿಕ್ಕಂದಿನಿಂದ. ರೈಲಿನಲ್ಲಿ ಪ್ರತಿ ಸಲ ದೊಡ್ಡ ಯುದ್ಧ."

"ಮತ್ತ ಯಾಕ ತಿಂದ್ರಿ?" ಕನ್ನಡದಲ್ಲೇ ಕೇಳಿಬಿಟ್ಟೆ.

"ನೀನು ಕಾಯಿಲೆಯವಳು. ಕಾಯಿಲೆಯವಳು ಕೊಟ್ಟರೆ ಬೇಡ ಅನ್ನಬಾರದು."

ಡಾಕ್ಟರಮ್ಮ ಮಾಸ್ಕಿನೊಳಗೇ ನಕ್ಕರು. ನಾನು ನಕ್ಕು ನಕ್ಕು ಕೆಮ್ಮಿದೆ. ಸಹನಾ ಮಾತ್ರ ಗೋಡೆಗೆ ಒರಗಿ ಅಳುತ್ತಿದ್ದಳು. ಆ ತಿಂಗಳುಗಳಲ್ಲಿ ಅವಳು ನಮ್ಮೆದುರು ಅತ್ತದ್ದು ಅದೊಂದೇ ಸಲ.

ಆದರೆ ಆ ನಗು ಕಾರ್ ಪಾರ್ಕಿಂಗಿನವರೆಗೂ ಉಳಿಯಲಿಲ್ಲ. ಬೀಗಿತ್ತಿ ಫ್ಲಾಸ್ಕನ್ನು ಅಲ್ಲಿಯ ಗಿಡದ ಬುಡಕ್ಕೆ ಸುರಿದು, ಮುಚ್ಚಳ ತಿರುಗಿಸುತ್ತ ತುಂಬ ಹೊತ್ತು ನಿಂತರು. "ಸಾರಿ, ಸಿಸ್ಟರ್" ಎಂದರು. ಅದಾದ ಮೇಲೆ ಬರಲಿಲ್ಲ. ಒಂದು ವಾರ, ಇನ್ನೊಂದು ವಾರ. ಫೋನು ಮಾಡಿದರೆ "ಬಿಜಿ" ಎನ್ನುವರು. ನನಗೆ ಎರಡು ಭಯ ಒಟ್ಟಿಗೇ ಕೂತಿದ್ದವು. ಮಜ್ಜೆ ಏಳುವುದೇ ಇಲ್ಲವೇನೋ, ಇವರೂ ಇನ್ನು ಬರುವುದೇ ಇಲ್ಲವೇನೋ. ಕೊಡಲಿಕ್ಕೆ ಏನೂ ಇಲ್ಲದೆ ಕಾಯಿಲೆಯವರ ಮನೆಗೆ ಹೇಗೆ ಹೋಗುವುದು ಎಂದು ಅವರಿಗೆ ಅನ್ನಿಸಿರಬೇಕು. ನಾನಾಗಿದ್ದರೂ ಹಾಗೇ ಅನ್ನಿಸುತ್ತಿತ್ತು.

ಬಾಗಿಲು ಬಡಿದದ್ದು ಒಂದು ಶನಿವಾರ. ಬೀಗಿತ್ತಿ. ಕೈಯಲ್ಲಿ ಏನೂ ಇಲ್ಲ. ಒಳಗೆ ಬಂದವರೇ ಎರಡೂ ತೋಳು ಏರಿಸಿ ತೋರಿಸಿದರು. ಮೊಣಕೈಯ ಮಡಿಕೆಗಳಲ್ಲಿ ಗುಲಾಬಿ ಬಣ್ಣದ ಪಟ್ಟಿ.

"ಸೂಪ್ ನೋ," ಎಂದರು. "ಇದು ಡಾಕ್ಟರ್ ಬೇಡ ಅನ್ನಲ್ಲ."

ಆವತ್ತು ಆಸ್ಪತ್ರೆಯಿಂದ ಹೊರಗೆ ಬರುವಾಗ ಅವರು ಹಿಂದೆ ಉಳಿದು ನರ್ಸನ್ನು ಕೇಳಿದ್ದರಂತೆ, ಹಾಗಾದರೆ ನಾನು ಏನು ಕೊಡಬಹುದು ಎಂದು. ಪ್ಲೇಟ್ಲೆಟ್ಟು ಕೊಡಬಹುದು ಎಂದಳಂತೆ ಅವಳು. ಒಂದು ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಬೇಕಾದ್ದನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಇನ್ನೊಂದು ತೋಳಿಗೆ ಮರಳಿ ಬಿಡುತ್ತಾರೆ. ಅಲುಗಾಡದೆ ಗಂಟೆಗಟ್ಟಲೆ ಮಲಗಿರಬೇಕು. ಸೂಜಿ ಕಂಡರೆ ಬೀಗಿತ್ತಿಗೆ ಭಯ ಎಂದು ಕೆವಿನ್ ಆಮೇಲೆ ಹೇಳಿದ. ಜೀವಮಾನವೆಲ್ಲ ಸೂಜಿ ಹಿಡಿದವರು.

ಅವರು ಕೊಟ್ಟದ್ದು ನನಗೇ ಬರುವುದಿಲ್ಲ, ಯಾರಿಗೆ ಬೇಕೋ ಅವರಿಗೆ ಹೋಗುತ್ತದೆ, ಇನ್ಯಾರೋ ಕೊಟ್ಟದ್ದು ನನಗೆ ಬರುತ್ತದೆ ಎಂದು ಸಹನಾ ಬಿಡಿಸಿ ಹೇಳಿದಳು. "ಗೊತ್ತು," ಎಂದರು ಬೀಗಿತ್ತಿ. "ಅವರ ಮನೆಯಲ್ಲೂ ಯಾರೋ ಕಾಯುತ್ತಿರುತ್ತಾರೆ."

ಆಮೇಲೆ ರಕ್ತ ತೆಗೆಯುವವರು ಮತ್ತೆ ಕೊಡಬಹುದು ಎಂದಾಗಲೆಲ್ಲ ಬೀಗಿತ್ತಿ ಹೋಗಿ ಕೊಟ್ಟರು. ನನಗೆ ಹಾಕುವ ದಿನ ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಪ್ಲೇಟ್ಲೆಟ್ಟಿನ ಚೀಲ ಕೆಂಪಗಿರುವುದಿಲ್ಲ, ತಿಳಿ ಹಳದಿ, ನಮ್ಮ ಬೇಳೆ ಕಟ್ಟಿನ ಬಣ್ಣ. "ನೋಡು, ಇದೂ ಸೂಪೇ," ಎಂದು ಅವರು ಪ್ರತಿ ಸಲ ಹೇಳುವರು, ಪ್ರತಿ ಸಲ ತಾವೇ ನಗುವರು. ನಾನು ಆ ಚೀಲ ನೋಡುತ್ತ, ಇದನ್ನು ಕೊಟ್ಟವರು ಯಾರಿರಬಹುದು, ಅವರೂ ಸೂಜಿಗೆ ಹೆದರುವವರಿರಬಹುದೇ ಎಂದುಕೊಳ್ಳುತ್ತಿದ್ದೆ. ಒಬ್ಬರ ಮುಖವೂ ಗೊತ್ತಿಲ್ಲ. ನಾನು ಬದುಕಿರುವುದು ಅವರಿಂದ.

ಒಂದು ವಾರ, ಈ ಸಲ ರಕ್ತ ಹಾಕುವುದು ಬೇಡ, ಮುಂದಿನ ವಾರ ನೋಡೋಣ ಎಂದರು. ಮುಂದಿನ ವಾರವೂ ಬೇಡವಾಯಿತು. ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ, ಏರಿದ ಲೆಕ್ಕ ತೋರಿಸಿ, "ಈ ಕಣಗಳು ನಿಮ್ಮವು. ನೀವೇ ಮಾಡಿದವು," ಎಂದರು. ನಮ್ಮ ಮನೆಯವರು ಎದ್ದು ಅವರಿಗೆ ಕೈ ಮುಗಿದರು. ಬಸವಾ ಎಂದರು, ಅಷ್ಟೇ.

ಯಾವುದರಿಂದ ಏರಿತು ಎಂದು ಈಗಲೂ ಕೇಳುವವರಿದ್ದಾರೆ. ಕುದುರೆಯ ಔಷಧಿಯೇ ತಡವಾಗಿ ಹತ್ತಿರಬೇಕು, ಹಾಗಾಗುವುದುಂಟು ಎನ್ನುತ್ತಾರೆ ಡಾಕ್ಟರಮ್ಮ. ಬೇರಿನಿಂದ ಕೆಟ್ಟದ್ದಾಯಿತೋ, ಒಂದಿಷ್ಟು ಒಳ್ಳೆಯದೂ ಆಯಿತೋ, ಅವರಿಗೂ ಗೊತ್ತಿಲ್ಲ. ನನ್ನ ಹಾಗೆ ಕಾಯುತ್ತಿರುವವರಿಗೆ ಹೇಳುವುದು ಇಷ್ಟೇ. ಮನೆಯಲ್ಲಿ ಪ್ರೀತಿಯಿಂದ ಕೊಟ್ಟದ್ದನ್ನೆಲ್ಲ ಡಾಕ್ಟರ ಮುಂದೆ ಹೇಳಿ. ಅದನ್ನು ಔಷಧಿ ಎಂದು ಕರೆಯದಿದ್ದರೂ ಹೇಳಿ. ಪ್ರೀತಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಔಷಧಿ ಪೂರ್ತಿ ನಿಂತ ಮೇಲೆ ಡಾಕ್ಟರಮ್ಮನನ್ನು ಕೇಳಿ ಆ ಸಾರನ್ನು ಮತ್ತೊಮ್ಮೆ ಮಾಡಬೇಕೆಂದು ಬೀಗಿತ್ತಿಗೆ ಆಸೆಯಿತ್ತು. ಈ ಸಲ ಇಷ್ಟವಾಗದಿದ್ದರೆ ಉಗುಳಬಹುದು ಎಂದು ಒಪ್ಪಂದವಾಗಿತ್ತು. ನನ್ನ ಮಾತ್ರೆ ಕೊನೆಯ ಚಿಕ್ಕ ಪ್ರಮಾಣಕ್ಕೆ ಇಳಿಯುವ ಹೊತ್ತಿಗೆ ಅವರೇ ಹೋದರು. ನಿದ್ದೆಯಲ್ಲಿ, ಹೃದಯ ನಿಂತು. ಕೆವಿನ್ ಫೋನು ಮಾಡಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಗೆ ಹಿಟ್ಟು ಹತ್ತಿದ್ದ ಹಾಗೇ ಕಾರು ಹತ್ತಿದೆ. ಅವರಲ್ಲಿ ಬೀಗರಿಗೆ ಸಾವಿನ ಮನೆಯಲ್ಲಿ ಏನು ಜಾಗವೋ ನನಗೆ ಗೊತ್ತಿರಲಿಲ್ಲ. ಅವರ ತಂಗಿ ನನ್ನನ್ನು ಕೈ ಹಿಡಿದು ಒಯ್ದು ತಮ್ಮ ಪಕ್ಕ, ಒಡಹುಟ್ಟಿದವರ ಸಾಲಿನಲ್ಲಿ ನಿಲ್ಲಿಸಿಕೊಂಡರು.

ನಾನು ರಕ್ತ ಕೊಡುವಂತಿಲ್ಲ, ಈ ಕಾಯಿಲೆ ಬಂದವರು ಯಾವತ್ತೂ ಕೊಡುವಂತಿಲ್ಲ. ಅದಕ್ಕೇ ಈಗ ಗುರುವಾರಗಳಂದು ರಕ್ತ ತೆಗೆಯುವ ಒಂದು ಕೇಂದ್ರಕ್ಕೆ ಹೋಗಿ ಕೂರುತ್ತೇನೆ. ಕೊಟ್ಟು ಎದ್ದವರಿಗೆ ಜ್ಯೂಸು, ಬಿಸ್ಕತ್ತು ಕೊಟ್ಟು, ತಲೆಸುತ್ತು ಬರದ ಹಾಗೆ ಸ್ವಲ್ಪ ಹೊತ್ತು ಕೂಡಿಸಿಕೊಳ್ಳುವುದು ನನ್ನ ಕೆಲಸ. ಬೇಡ ಎಂದವರಿಗೂ ಒತ್ತಾಯ ಮಾಡಿ ತಿನ್ನಿಸುತ್ತೇನೆಂದು ಅಲ್ಲಿಯವರು ನಗುತ್ತಾರೆ.

ಹೋದ ವಾರ ಒಬ್ಬ ಯಜಮಾನರು, ಬಸ್ಸು ಓಡಿಸುವವರ ಸಮವಸ್ತ್ರ, ಎದ್ದವರೇ ಹೊರಟುಬಿಟ್ಟಿದ್ದರು. ಕೂತು ಹೋಗಿ ಎಂದೆ. ಕೂತರು. ಜ್ಯೂಸು ಕುಡಿದು ಲೋಟ ಇಡುತ್ತ, "ನೀವೂ ಕೊಡುತ್ತೀರಾ?" ಎಂದು ಮಾತಿಗೆ ಕೇಳಿದರು.

"ಇಲ್ಲ," ಎಂದೆ. "ನಾನು ತೆಗೆದುಕೊಂಡವಳು."

ಅವರು ಬೀಗದ ಕೈ ಹಿಡಿದು ಆಗಲೇ ಏಳುತ್ತಿದ್ದರು. ಹಾಗೇ ನಿಂತು ನನ್ನ ಮುಖ ನೋಡಿದರು. ಆಮೇಲೆ ಕೈಗಳನ್ನು ಮೇಜಿನ ಮೇಲೆ ಇಟ್ಟು ಮತ್ತೆ ಕೂತರು.

"ಈಗ ಹೇಗಿದ್ದೀರಿ?" ಎಂದು ಕೇಳಿದರು.

ಚೆನ್ನಾಗಿದ್ದೇನೆ ಎಂದೆ. ಇನ್ನೊಂದು ಬಿಸ್ಕತ್ತು ಕೊಟ್ಟು, ಹೇಗೆ ಚೆನ್ನಾದೆ ಎಂದು ಹೇಳತೊಡಗಿದೆ.